ಕಾಟಾ ತೂಗುತ್ತದೆ, ನೋಡುವುದಿಲ್ಲ

ಸಂಕ್ರಾಂತಿಗೆಂದು ಪುಣೆಯಿಂದ ಊರಿಗೆ ಹೊರಟವರಿಗೆ ಸಾತಾರಾ, ಕರಾಡ, ಕೊಲ್ಲಾಪುರದವರೆಗಿನ ಹೆದ್ದಾರಿ ಅಷ್ಟಾಗಿ ಭಯ ಹುಟ್ಟಿಸುವುದಿಲ್ಲ. ಭಯ ಶುರುವಾಗುವುದು ನಿಪ್ಪಾಣಿಯಲ್ಲಿ ಹೆದ್ದಾರಿ ಬಿಟ್ಟು ಚಿಕ್ಕೋಡಿ, ಅಥಣಿ, ಜಮಖಂಡಿ, ಮುಧೋಳದ ಕಡೆ ತಿರುಗಿದ ಮೇಲೆ. ಊರು ದಾಟಿದರೆ ಬೀದಿದೀಪವಿಲ್ಲ. ಎರಡೂ ಬದಿಗೆ ಆಳೆತ್ತರದ ಕಬ್ಬು. ಎದುರಿನಿಂದ ಬಂದ ಗಾಡಿಯ ಹೆಡ್‌ಲೈಟು ಕಣ್ಣಿಗೆ ಹೊಡೆದು ಹೋದ ಮೇಲೆ ಒಂದೆರಡು ಕ್ಷಣ ಏನೂ ಕಾಣುವುದಿಲ್ಲ. ಆಮೇಲೆ ಮುಂದಿನ ಕತ್ತಲು ಒಂದು ಕಡೆ ಸ್ವಲ್ಪ ಹೆಚ್ಚು ದಟ್ಟವಾಗಿದೆ ಅನಿಸುತ್ತದೆ. ಅದು ಕತ್ತಲಲ್ಲ, ಕಬ್ಬು. ಒಂದರ ಹಿಂದೊಂದು ಜೋಡಿಸಿದ ಎರಡು ಟ್ರೇಲರ್‌ಗಳಲ್ಲಿ ಪೇರಿಸಿದ ಕಬ್ಬು, ಎತ್ತಿನ ಬಂಡಿಗಿಂತ ತುಸು ಹೆಚ್ಚಿನ ವೇಗದಲ್ಲಿ, ಹಿಂದೆ ಒಂದೂ ದೀಪವಿಲ್ಲದೆ ಸಾಗುತ್ತಿದೆ.

ಕಾರಿನಲ್ಲಿದ್ದವರು ಬ್ರೇಕ್ ಒತ್ತಿ, ಒಂದು ಬೈಗುಳ ಬೈದು, ದಾಟಿ ಹೋಗುತ್ತಾರೆ. ಬೈಕಿನ ಮೇಲೆ ಬರುವ ಎಲ್ಲರೂ ದಾಟಿ ಹೋಗುವುದಿಲ್ಲ.

ದಾಟದೆ ಉಳಿದವರ ಸುದ್ದಿ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತದೆ. ಹಂಗಾಮು ಬದಲಾದರೂ ವಾಕ್ಯದ ಅಚ್ಚು ಬದಲಾಗುವುದಿಲ್ಲ: ಕಬ್ಬಿನ ಟ್ರ್ಯಾಕ್ಟರ್‌ಗೆ ಬೈಕ್ ಡಿಕ್ಕಿ, ಸವಾರ ಸಾವು. ಈ ವಾಕ್ಯದ ವ್ಯಾಕರಣವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಡಿಕ್ಕಿ ಹೊಡೆದದ್ದು ಬೈಕು, ಹಾಗಾಗಿ ಅದೇ ಕರ್ತೃ. ಟ್ರ್ಯಾಕ್ಟರಿಗೆ ಚತುರ್ಥಿ ವಿಭಕ್ತಿ. ಅದು ಗೋಡೆಯ ಹಾಗೆ, ಹುಣಸೆ ಮರದ ಹಾಗೆ ತನ್ನ ಪಾಡಿಗೆ ತಾನಿತ್ತು; ಯಾರೋ ಬಂದು ಗುದ್ದಿದರು. ಟ್ರೇಲರ್ ಎಂಬ ಪದವಂತೂ ಆ ಸಾಲಿನಲ್ಲಿ ಬರುವುದೇ ಇಲ್ಲ. ಆದರೆ ಬೈಕು ಗುದ್ದಿದ್ದು ಟ್ರ್ಯಾಕ್ಟರಿಗಲ್ಲ. ಟ್ರ್ಯಾಕ್ಟರು ಎರಡು ಟ್ರೇಲರ್‌ಗಳಷ್ಟು ಮುಂದಿತ್ತು. ಅದರ ಚಾಲಕನಿಗೆ ಹಿಂದೆ ಏನಾಯಿತೆಂದು ತಿಳಿಯಲು ಒಮ್ಮೊಮ್ಮೆ ಹೊತ್ತೇ ಹಿಡಿಯುತ್ತದೆ. ಸವಾರನನ್ನು ಕೊಂದದ್ದು ಎಂಜಿನ್ ಇಲ್ಲದ, ದೀಪವಿಲ್ಲದ, ಸುದ್ದಿಯಲ್ಲಿ ಹೆಸರೂ ಇಲ್ಲದ ಹಿಂದಿನ ಡಬ್ಬಿ.

ಸರ್ಕಾರದ ಲೆಕ್ಕದ ವ್ಯಾಕರಣವೂ ಇದಕ್ಕಿಂತ ಬೇರೆಯಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಶೇಕಡ 71ರಷ್ಟು ಮಂದಿ ‘ಅತಿವೇಗ’ ಎಂಬ ಕಾಲಂನಲ್ಲಿದ್ದಾರೆ. ಅತಿವೇಗ ಕೊಲ್ಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕತ್ತಲಲ್ಲಿ ದೀಪವಿಲ್ಲದ ವಸ್ತುವೊಂದಕ್ಕೆ ಹಿಂದಿನಿಂದ ಗುದ್ದಿದವನ ವೇಗ ಯಾವತ್ತೂ ‘ಅತಿ’ಯೇ ಆಗಿರುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ಕಂಡದ್ದನ್ನು ಮನಸ್ಸು ಅರಿತು ಕೈ ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಂಡರೆ 25 ಮೀಟರ್ ಅಲ್ಲೇ ಹೋಯಿತು. ಆಮೇಲೆ ಗಾಡಿ ನಿಲ್ಲಲು ಒಣ ರಸ್ತೆಯಲ್ಲೂ ಇನ್ನೊಂದು 20 ಮೀಟರ್ ಬೇಕು. ಸಾಧಾರಣ ಬೈಕಿನ ಲೋ ಬೀಮ್ ಬೆಳಕು ಸರಿಯಾಗಿ ತೋರಿಸುವುದೇ 30–40 ಮೀಟರ್. ಅಂದರೆ ಕಾನೂನು ಒಪ್ಪುವ ವೇಗದಲ್ಲೇ ಹೋಗುತ್ತಿದ್ದವನಿಗೂ ನಿಂತ ಟ್ರೇಲರ್ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹಿಂದಿನ ದೀಪ ಇರುವುದು ಈ ಕೊರತೆಯನ್ನು ತುಂಬಲಿಕ್ಕೆ. ಅದು ಅಲಂಕಾರವಲ್ಲ; ಹಿಂದೆ ಬರುವವನಿಗೆ ಸಲ್ಲಬೇಕಾದ ಹತ್ತಾರು ಮೀಟರ್. ದೀಪ ಕಿತ್ತುಕೊಂಡವರನ್ನು ಬಿಟ್ಟು, ಮೀಟರ್ ಕಳೆದುಕೊಂಡವನ ಹೆಸರಿಗೆ ತಪ್ಪು ಬರೆಯಲಾಗುತ್ತದೆ.

ಹಾಗಂತ ಬೈಕಿನವರೆಲ್ಲ ನಿರ್ದೋಷಿಗಳಲ್ಲ. ಹೆಲ್ಮೆಟ್ಟಿಲ್ಲದೆ, ಮೂವರು ಕೂತು, ಕುಡಿದು ಓಡಿಸುವವರು ಉತ್ತರ ಕರ್ನಾಟಕದ ರಸ್ತೆಗಳಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅವರ ತಪ್ಪಿಗೆ ಹೆಸರಿದೆ, ದಂಡವಿದೆ, ಬೋಧನೆಯಿದೆ. ಹೆಸರಿಲ್ಲದೆ ಉಳಿದಿರುವುದು ಟ್ರೇಲರ್ ಕಟ್ಟುವ ಮೊದಲು ನಡೆಯಬೇಕಾದ, ಹತ್ತೇ ಹತ್ತು ನಿಮಿಷದ ತಪಾಸಣೆ. ಅದು ಯಾರ ಕೆಲಸ ಎಂಬ ಪ್ರಶ್ನೆಗೆ ಎಲ್ಲರೂ ಬೆರಳು ತೋರಿಸುವುದು ಸೀಟಿನ ಮೇಲೆ ಕೂತ ಚಾಲಕನತ್ತ. ಆ ಬೆರಳು ತಪ್ಪು ದಿಕ್ಕಿನಲ್ಲಿದೆ. ಅದು ತಿರುಗಬೇಕಾದದ್ದು ಸಕ್ಕರೆ ಕಾರ್ಖಾನೆಯ ಗೇಟಿನತ್ತ.

ಮೊದಲು ಆ ಹತ್ತು ನಿಮಿಷದಲ್ಲಿ ನೋಡಬೇಕಾದದ್ದು ಏನು ಎಂಬುದನ್ನು ನೋಡೋಣ. ಟ್ರ್ಯಾಕ್ಟರಿನ ಹುಕ್ಕಿಗೂ ಟ್ರೇಲರಿನ ಮೂತಿಗೂ ನಡುವೆ ಇರುವುದು ಒಂದು ಪಿನ್ನು. ಅದು ಸವೆದಿರಬಾರದು, ಅದರ ತುದಿಯಲ್ಲಿ ಮೇಲಕ್ಕೆ ಜಿಗಿಯದಂತೆ ತಡೆಯುವ ಕ್ಲಿಪ್ಪು ಇರಬೇಕು. ಎಷ್ಟೋ ಟ್ರೇಲರ್‌ಗಳಲ್ಲಿ ಆ ಕ್ಲಿಪ್ಪಿನ ಜಾಗದಲ್ಲಿ ತಂತಿಯ ತುಂಡು ಸುತ್ತಿರುತ್ತದೆ, ಪಿನ್ನಿನ ಜಾಗದಲ್ಲಿ ಸಿಕ್ಕ ಬೋಲ್ಟು ತೂರಿರುತ್ತದೆ. ಪಿನ್ನು ಹಾರಿದರೂ ಟ್ರೇಲರ್ ಬಿಟ್ಟುಹೋಗದ ಹಾಗೆ ಒಂದು ಸರಪಳಿ ಬೇಕು. ಇದೇನೂ ಹೊಸ ಜ್ಞಾನವಲ್ಲ. ಬಂಡಿಯ ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ ಚಿಕ್ಕ ಕೀಲಿಗೆ ಕನ್ನಡದಲ್ಲಿ ಕಡೆಗೀಲು ಎಂಬ ಪ್ರತ್ಯೇಕ ಪದವೇ ಇದೆ. ಜೇಡರ ದಾಸಿಮಯ್ಯನ ವಚನದೊಳಗೂ ಅದು ಬಂದು ಕೂತಿದೆ. ಒಂದು ಭಾಷೆ ಅಷ್ಟು ಸಣ್ಣ ವಸ್ತುವಿಗೆ ಹೆಸರಿಟ್ಟು ನೆನಪಿಟ್ಟುಕೊಂಡಿತೆಂದರೆ, ಆ ಭಾಷೆ ಆಡುವವರು ಹೊರಡುವ ಮೊದಲು ಅದನ್ನು ಮುಟ್ಟಿ ನೋಡುತ್ತಿದ್ದರು ಎಂದೇ ಅರ್ಥ. ಬಂಡಿಯ ಕೆಳಗೆ ರಾತ್ರಿ ಹೊತ್ತು ಕಂದೀಲು ತೂಗಾಡುತ್ತಿದ್ದದ್ದನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ. ಹಾಗೆ ನೋಡಿದರೆ ಬಂಡಿ ಹೋಗಿ ಟ್ರ್ಯಾಕ್ಟರು ಬಂದ ಮೇಲೆ ಬೆಳಕು ಕಡಿಮೆಯಾಗಿದೆ.

ಎರಡನೆಯದು ಬ್ರೇಕು. ಟ್ರ್ಯಾಕ್ಟರ್ ಓಡಿಸದವರಿಗೆ ಗೊತ್ತಿರದ ಒಂದು ಸಂಗತಿ ಇದೆ: ಅದಕ್ಕೆ ಬಲಗಾಲಿನ ಕಡೆ ಎರಡು ಬ್ರೇಕ್ ಪೆಡಲ್ ಇರುತ್ತವೆ, ಎಡಗಾಲಿಗೆ ಒಂದು, ಬಲಗಾಲಿಗೆ ಒಂದು – ಅಂದರೆ ಗಾಡಿಯ ಹಿಂದಿನ ಗಾಲಿಗಳಿಗೆ. ಹೊಲದ ಬದುವಿನಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸಲು ಒಂದೇ ಗಾಲಿಯನ್ನು ಹಿಡಿಯಬೇಕಾಗುತ್ತದೆ, ಅದಕ್ಕೆ ಈ ಏರ್ಪಾಟು. ರಸ್ತೆಗೆ ಬಂದಾಗ ಎರಡೂ ಪೆಡಲ್‌ಗಳನ್ನು ಚಿಲಕದಿಂದ ಒಂದಕ್ಕೊಂದು ಕೂಡಿಸಬೇಕು. ಮರೆತರೆ, ಗಾಬರಿಯಲ್ಲಿ ಒಂದನ್ನೇ ತುಳಿದಾಗ ಟ್ರ್ಯಾಕ್ಟರು ಒಂದು ಬದಿಗೆ ಎಳೆಯುತ್ತದೆ, ಹಿಂದಿನ ಭಾರ ಅದನ್ನು ಅಡ್ಡ ತಳ್ಳುತ್ತದೆ. ಇನ್ನು ಭಾರದ ಮಾತು. ಸಾಧಾರಣ ಟ್ರ್ಯಾಕ್ಟರಿನ ತೂಕ ಎರಡು ಟನ್‌ಗಿಂತ ತುಸು ಹೆಚ್ಚು. ಒಂದೊಂದು ಟ್ರೇಲರಿನಲ್ಲಿ ಎಂಟೋ ಹತ್ತೋ ಟನ್ ಕಬ್ಬು. ಬಹಳಷ್ಟು ಟ್ರೇಲರ್‌ಗಳಿಗೆ ಸ್ವಂತ ಬ್ರೇಕೇ ಇಲ್ಲ. ಅಷ್ಟೂ ಭಾರವನ್ನು ಹಿಡಿದು ನಿಲ್ಲಿಸಬೇಕಾದದ್ದು ಟ್ರ್ಯಾಕ್ಟರಿನ ಎರಡು ಹಿಂದಿನ ಗಾಲಿ. ಏರಿನಲ್ಲಿ ಇದೇ ಭಾರ ಹಿಂದಕ್ಕೆ ಜಗ್ಗಿ ಮುಂದಿನ ಗಾಲಿಗಳನ್ನು ನೆಲದಿಂದ ಎತ್ತುತ್ತದೆ. ಗಾಲಿ ನೆಲಕ್ಕೆ ತಾಗದಿದ್ದರೆ ಸ್ಟೀರಿಂಗ್ ತಿರುಗಿಸಿ ಏನು ಬಂತು?

ಮೂರನೆಯದು ಗಾಲಿ. ನಟ್ಟುಗಳಿಗೆ ಒಮ್ಮೆ ಪಾನಾ ಹಾಕಿ ನೋಡಬೇಕು, ಟೈರಿನ ಗಾಳಿ ನೋಡಬೇಕು. ಎಂಟು ತಿಂಗಳು ಹೊಲದ ಮೂಲೆಯಲ್ಲಿ ಬಿಸಿಲು ಮಳೆಗೆ ಬಿದ್ದಿದ್ದ ಟ್ರೇಲರಿನ ಟೈರು ಹಂಗಾಮಿನ ಮೊದಲ ವಾರದಲ್ಲಿ ರಸ್ತೆಯ ನಡುವೆಯೇ ಒಡೆಯುತ್ತದೆ. ಒಡೆದ ಮೇಲೆ ನಡೆಯುವುದು ಎಲ್ಲರೂ ಕಂಡದ್ದೇ. ಟ್ರ್ಯಾಕ್ಟರ್ ಬಿಚ್ಚಿಕೊಂಡು ಚಾಲಕ ಊರಿಗೆ ಹೋಗುತ್ತಾನೆ; ತುಂಬಿದ ಟ್ರೇಲರ್ ರಾತ್ರಿಯೆಲ್ಲ ರಸ್ತೆಯಲ್ಲೇ ಇರುತ್ತದೆ. ಅದರ ಕಾವಲಿಗೆ ನಾಲ್ಕು ಕಲ್ಲು, ಒಂದು ಬೇವಿನ ಟೊಂಗೆ. ಬೆಳಿಗ್ಗೆ ಟ್ರೇಲರ್ ಹೋಗುತ್ತದೆ, ಕಲ್ಲು ಉಳಿಯುತ್ತದೆ. ಮರುದಿನ ರಾತ್ರಿ ಆ ಕಲ್ಲಿಗೆ ಇನ್ನೊಬ್ಬ.

ನಾಲ್ಕನೆಯದು ದೀಪ. ಟ್ರ್ಯಾಕ್ಟರಿನಿಂದ ಮೊದಲ ಟ್ರೇಲರಿಗೆ, ಅಲ್ಲಿಂದ ಎರಡನೆಯದಕ್ಕೆ ತಂತಿ ಹೋಗಬೇಕು. ಸಾಮಾನ್ಯವಾಗಿ ಅದು ಮೊದಲನೆಯದಕ್ಕೇ ಹೋಗಿರುವುದಿಲ್ಲ. ಹಿಂದೆ ಎರಡು ಕೆಂಪು ರಿಫ್ಲೆಕ್ಟರ್, ಜನ ರೇಡಿಯಂ ಎನ್ನುವ ಹೊಳೆಯುವ ಪಟ್ಟಿ ಬೇಕು. ಇದ್ದರೂ ಸಾಲದು, ಕಾಣಬೇಕು. ಕಬ್ಬನ್ನು ಟ್ರೇಲರಿನ ಉದ್ದಕ್ಕಿಂತ ಆಚೆ ಚಾಚಿಕೊಳ್ಳುವಂತೆ ಹೇರಿದಾಗ ತುದಿಯ ಸೋಗೆ ಇಳಿಬಿದ್ದು ದೀಪವನ್ನೂ ನಂಬರ್ ಪ್ಲೇಟನ್ನೂ ಮುಚ್ಚುತ್ತದೆ. ದೀಪ ಇದ್ದೂ ಇಲ್ಲದ ಹಾಗೆ. ಹಾಗಾಗಿ ತಪಾಸಣೆಯ ಕೊನೆಯ ಹೆಜ್ಜೆ ಅತಿ ಸುಲಭದ್ದು: ಇಪ್ಪತ್ತು ಹೆಜ್ಜೆ ಹಿಂದೆ ನಡೆದುಹೋಗಿ, ತಿರುಗಿ ನೋಡುವುದು.

ಈ ಹತ್ತು ನಿಮಿಷ ಯಾಕೆ ಸಿಗುವುದಿಲ್ಲ? ಚಾಲಕರನ್ನು ನಿಲ್ಲಿಸಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ನಿನ್ನೆ ಇತ್ತರೀ ಸಾಹೇಬ್ರ, ವೈರ್ ಹರದೈತಿ.’ ಇದನ್ನು ಕೇಳಿ ಸಾಹೇಬರು ಅಜ್ಞಾನ, ಉಡಾಫೆ, ಜಾಗೃತಿಯ ಕೊರತೆ ಎಂದು ಬರೆದುಕೊಳ್ಳುತ್ತಾರೆ. ಆ ಚಾಲಕನ ದಿನ ಹೇಗಿರುತ್ತದೆ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಕಡಿದ ಕಬ್ಬು ಗಂಟೆ ಗಂಟೆಗೂ ಒಣಗುತ್ತದೆ, ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಕಾರ್ಖಾನೆ ರಾತ್ರಿ ಹಗಲೂ ನುರಿಸುತ್ತದೆ, ಅದರ ಬಾಯಿಗೆ ಕಬ್ಬು ನಿಲ್ಲದೆ ಬೀಳುತ್ತಿರಬೇಕು. ಸಾಗಣೆಯ ಹಣ ಟನ್ನಿನ ಲೆಕ್ಕ, ದೂರದ ಲೆಕ್ಕ. ಕಾದ ಹೊತ್ತಿಗೆ ಲೆಕ್ಕವಿಲ್ಲ. ಗೇಟಿನ ಮುಂದಿನ ಸಾಲಿನಲ್ಲಿ ರಾತ್ರಿ ಕಳೆದುಹೋಗುತ್ತದೆ, ನಿದ್ದೆ ಸೀಟಿನ ಮೇಲೆ. ಗಾಡಿಯ ಮಾಲೀಕ ಹಂಗಾಮಿಗೆ ಮೊದಲೇ ಮುಂಗಡ ತಗೊಂಡಿರುತ್ತಾನೆ, ಆ ಸಾಲ ತೀರುವುದು ಖೇಪಿನ ಮೇಲೆ. ಎರಡು ಟ್ರೇಲರ್ ಕಟ್ಟುವುದೂ ಇದೇ ಲೆಕ್ಕಕ್ಕೆ: ಒಂದೇ ಡೀಸೆಲಿನಲ್ಲಿ ಎರಡು ಪಟ್ಟು ಟನ್. ಹತ್ತು ನಿಮಿಷ ನಿಂತು ಪಿನ್ನು ನೋಡಿದವನಿಗೆ ಈ ವ್ಯವಸ್ಥೆ ಕೊಡುವ ಬಹುಮಾನ ಸಾಲಿನಲ್ಲಿ ಇನ್ನೂ ಹಿಂದಿನ ಜಾಗ.

ಇಲ್ಲಿ ಕನ್ನಡದ ಒಂದು ಕ್ರಿಯಾಪದ ತಡೆದು ನಿಲ್ಲಿಸುತ್ತದೆ. ಗಾಡಿ ಓಡುತ್ತದೆ, ಚಾಲಕ ಓಡಿಸುತ್ತಾನೆ. ‘ಇಸು’ ಸೇರಿದ ಕೂಡಲೇ ಇನ್ನೊಬ್ಬರಿಂದ ಕೆಲಸ ಆಗುವಂತೆ ಮಾಡುವವನು ವಾಕ್ಯದೊಳಗೆ ಬರುತ್ತಾನೆ. ಆದರೆ ಚಾಲಕನೇ ಓಡಿಸುವಂತೆ ಮಾಡುವವನು ಯಾರು? ಅವನಿಗೆ ಆಡುಮಾತಿನಲ್ಲಿ ಒಂದು ಪದದ ಕ್ರಿಯಾಪದವಿಲ್ಲ. ‘ಓಡಿಸಿದವನದು ತಪ್ಪು’ ಎಂದಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಕಾನೂನಿನ ಮಾತು ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 113ನೆಯ ಕಲಂ ಮಿತಿ ಮೀರಿದ ಭಾರದ ಬಗ್ಗೆ ಹೇಳುವಾಗ ಓಡಿಸುವವನನ್ನಷ್ಟೇ ಅಲ್ಲ, ಓಡಿಸುವಂತೆ ಮಾಡುವವನನ್ನೂ ಓಡಿಸಲು ಬಿಡುವವನನ್ನೂ ಒಟ್ಟಿಗೆ ಹಿಡಿಯುತ್ತದೆ. ಅದೂ ಮೋಟಾರು ವಾಹನ ಎಂದು ಸುಮ್ಮನಾಗದೆ, ಟ್ರೇಲರ್ ಎಂದು ಬಿಡಿಸಿ ಹೇಳುತ್ತದೆ. ಇದೇ ಕಾಯ್ದೆಯ ವ್ಯಾಖ್ಯೆಯಲ್ಲಿ ಎಂಜಿನ್ನೇ ಇಲ್ಲದ ಟ್ರೇಲರ್ ಕೂಡ ಮೋಟಾರು ವಾಹನ. 122ನೆಯ ಕಲಂ ಪ್ರಕಾರ ವಾಹನವನ್ನಾಗಲಿ ಟ್ರೇಲರನ್ನಾಗಲಿ ಅಪಾಯವಾಗುವ ಸ್ಥಿತಿಯಲ್ಲಿ ರಸ್ತೆಯಲ್ಲಿ ಬಿಟ್ಟುಹೋಗುವಂತಿಲ್ಲ. 61ನೆಯ ಕಲಂ, ಸಾಲಿನ ಕೊನೆಯ ಟ್ರೇಲರಿನ ಮೇಲೂ ಎಳೆಯುವ ವಾಹನದ ನಂಬರ್ ಕಾಣಬೇಕು ಎನ್ನುತ್ತದೆ. ಪತ್ರಿಕೆಯ ಸಾಲಿನಲ್ಲಿ ಕಾಣೆಯಾದ ಟ್ರೇಲರ್ ಕಾನೂನಿನ ಪುಸ್ತಕದಲ್ಲಿ ಎದ್ದು ಕಾಣುತ್ತದೆ.

ಆದರೂ ಆ ಪುಸ್ತಕದಲ್ಲೊಂದು ದೊಡ್ಡ ತೂತಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕೃಷಿ ಟ್ರ್ಯಾಕ್ಟರ್ ‘ಸಾರಿಗೆಯೇತರ’ ವಾಹನ. ಲಾರಿ, ಬಸ್ಸು, ಟ್ಯಾಕ್ಸಿಗಳು ನಿಗದಿತ ಅವಧಿಗೊಮ್ಮೆ ಆರ್‌ಟಿಒ ಮುಂದೆ ನಿಂತು ದೀಪ, ಬ್ರೇಕು ತೋರಿಸಿ ಯೋಗ್ಯತಾ ಪತ್ರ ಪಡೆಯಬೇಕು. ಸಾರಿಗೆಯೇತರ ವಾಹನಕ್ಕೆ ಆ ಕಾಟವಿಲ್ಲ. ನೋಂದಣಿ ಒಮ್ಮೆ ಆದರೆ ಹದಿನೈದು ವರ್ಷ ಯಾರೂ ಕೇಳುವುದಿಲ್ಲ. ಹೊಲ ಉಳುವ ರೈತನನ್ನು ಆರ್‌ಟಿಒ ಕಚೇರಿಗೆ ಅಲೆಸಬಾರದು ಎಂಬ ಒಳ್ಳೆಯ ಉದ್ದೇಶದ ವಿನಾಯಿತಿ ಅದು. ಆದರೆ ಹಂಗಾಮಿನ ಐದು ತಿಂಗಳು ಬಾಡಿಗೆಗೆ, ಕಾರ್ಖಾನೆಯ ಒಪ್ಪಂದದ ಮೇಲೆ, ರಾಜ್ಯ ಹೆದ್ದಾರಿಯಲ್ಲಿ ರಾತ್ರಿ ಹಗಲು ಸರಕು ಸಾಗಿಸುವ ಟ್ರ್ಯಾಕ್ಟರ್ ಉಳುಮೆ ಮಾಡುತ್ತಿಲ್ಲ. ಟ್ರ್ಯಾಕ್ಟರ್ ಮತ್ತು ಟ್ರೇಲರ್ ಜೋಡಿಯಾದಾಗ ಅದು ಸರಕು ಸಾಗಣೆಯ ವಾಹನವಾಗುತ್ತದೆ ಎಂದು ಸುಪ್ರೀಂ ಕೋರ್ಟು 2005ರಲ್ಲಿ, ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಹೇಳಿತ್ತು. ಅದು ಭಾರೀ ಸರಕು ಸಾಗಿಸುವ ಕಂಪನಿಯೊಂದರ ಮೊಕದ್ದಮೆ, ಕಬ್ಬಿನದಲ್ಲ. ಆದರೂ ತರ್ಕ ಸ್ಪಷ್ಟವಿದೆ: ಹೊಲದ ವಿನಾಯಿತಿ ಹೊಲದ ಬದುವಿಗೆ ಮುಗಿಯಬೇಕು. ನೆಲದ ಮೇಲೆ ಅದು ಕಾರ್ಖಾನೆಯ ಗೇಟಿನವರೆಗೂ ಹಿಂಬಾಲಿಸಿ ಬರುತ್ತಿದೆ.

ಆರ್‌ಟಿಒ ನೋಡದಿದ್ದರೆ ಇನ್ಯಾರು ನೋಡಬೇಕು? ಹಂಗಾಮಿನಲ್ಲಿ ಸಾವಿರಾರು ಟ್ರೇಲರ್‌ಗಳು ಸಾವಿರಾರು ಹೊಲಗಳಿಂದ ಹೊರಡುತ್ತವೆ. ಅಷ್ಟೂ ಕಡೆ ಪೊಲೀಸರು ನಿಲ್ಲಲಾರರು ಎಂಬುದು ನಿಜ. ಆದರೆ ಅಷ್ಟೂ ಟ್ರೇಲರ್‌ಗಳು ಬಂದು ನಿಲ್ಲಲೇಬೇಕಾದ ಒಂದು ಜಾಗವಿದೆ. ಮಹಾರಾಷ್ಟ್ರದಲ್ಲೂ ಗಡಿಯ ಈಚೆಗೂ ಅದರ ಹೆಸರು ಒಂದೇ: ಕಾಟಾ. ತೂಕದ ಕಾಟಾ. ಪ್ರತಿ ಟ್ರೇಲರ್ ಅದರ ಮೇಲೆ ಎರಡು ಸಲ ಹತ್ತುತ್ತದೆ. ಬರುವಾಗ ತುಂಬಿದ ತೂಕ, ಹೋಗುವಾಗ ಬರಿ ಗಾಡಿಯ ತೂಕ. ಎರಡರ ವ್ಯತ್ಯಾಸ ಕಬ್ಬಿನ ತೂಕ. ಗಾಡಿ ನಂಬರ್, ರೈತನ ಹೆಸರು, ಊರು, ಕಬ್ಬಿನ ತಳಿ, ಬಂದ ಹೊತ್ತು ಎಲ್ಲವೂ ಕಂಪ್ಯೂಟರಿಗೆ ಹೋಗುತ್ತದೆ. ತೂಕದಲ್ಲಿ ಮೋಸವಾಗುತ್ತದೆ ಎಂದು ರೈತರು ವರ್ಷಗಟ್ಟಲೆ ಜಗಳವಾಡಿದ್ದರಿಂದ ಕಾಟಾದ ಅಂಕಿ ಹೊರಗೆ ದೊಡ್ಡ ಕೆಂಪು ಅಕ್ಷರಗಳಲ್ಲಿ ಹೊಳೆಯುವ ಏರ್ಪಾಟಾಯಿತು. ರಾತ್ರಿ ದೂರದಿಂದಲೂ ಓದಬಹುದು. ಅದೇ ಕಾಟಾದ ಮೇಲೆ ನಿಂತ ಟ್ರೇಲರಿನ ಬೆನ್ನಿನಲ್ಲಿ ಮಾತ್ರ ಒಂದು ಕೆಂಪು ಚುಕ್ಕೆಯೂ ಇರುವುದಿಲ್ಲ. ಟ್ರೇಲರಿನ ಬಗ್ಗೆ ಕಾರ್ಖಾನೆಗೆ ಎಲ್ಲವೂ ಗೊತ್ತು, ಅದು ಮನೆಗೆ ಹೋಗುವ ಯಾರನ್ನಾದರೂ ಕೊಲ್ಲಬಲ್ಲದೇ ಎಂಬುದೊಂದನ್ನು ಬಿಟ್ಟು.

ಹಾಗಾದರೆ ಮಾಡಬೇಕಾದದ್ದು ಒಂದೇ ಸಾಲಿನ ನಿಯಮ: ದೀಪ, ಪಿನ್ನು, ಸರಪಳಿ, ರೇಡಿಯಂ ಸರಿಯಿಲ್ಲದ ಟ್ರೇಲರಿಗೆ ಮುಂದಿನ ಖೇಪಿನ ಚೀಟಿ ಇಲ್ಲ. ತುಂಬಿ ಬಂದ ಗಾಡಿಯನ್ನು ಗೇಟಿನಲ್ಲಿ ತಡೆದರೆ ಪ್ರಯೋಜನವಿಲ್ಲ. ಅಪಾಯದ ದಾರಿ ಅದಾಗಲೇ ಕಳೆದಿರುತ್ತದೆ, ಒಣಗುವುದು ಬಡ ರೈತನ ಕಬ್ಬು. ತಡೆಯಬೇಕಾದದ್ದು ಎರಡನೆಯ ತೂಕದಲ್ಲಿ, ಖಾಲಿ ಟ್ರೇಲರ್ ಹೊರಗೆ ಹೋಗುವಾಗ. ಆಗ ಸೋಗೆಯ ಮರೆಯಿಲ್ಲ, ತಂತಿ ಕಾಣುತ್ತದೆ, ಹುಕ್ಕು ಕಾಣುತ್ತದೆ, ಅಲ್ಲೇ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಇದ್ದಾನೆ. ಹೊಲದ ತುದಿಯಲ್ಲೂ ಕಾರ್ಖಾನೆಯ ಮನುಷ್ಯ ಇಲ್ಲವೆಂದಲ್ಲ. ಯಾವ ಹೊಲ ಯಾವತ್ತು ಕಡಿಯಬೇಕು ಎಂದು ಹೇಳುವ ಫೀಲ್ಡ್‌ಮನ್ ಇದ್ದಾನೆ, ಚೀಟಿ ಬರೆಯುವ ಸ್ಲಿಪ್ ಬಾಯ್ ಇದ್ದಾನೆ. ಅವನ ಚೀಟಿಯಲ್ಲಿ ಇನ್ನೊಂದು ಕಾಲಂ ಸೇರಲಿ: ಹಿಂದಿನ ದೀಪ ಕಾಣುತ್ತದೆ, ಕಾಣುವುದಿಲ್ಲ. ಆ ಕಾಲಮಿನ ಕೆಳಗೆ ಅವನ ಸಹಿ ಬೀಳಲಿ. ಸಹಿ ಬಿದ್ದ ದಿನ ಯಾರ ಕೆಲಸ ಎಂಬ ಪ್ರಶ್ನೆ ಮುಗಿಯುತ್ತದೆ.

ಇದಕ್ಕೆ ಕಾರ್ಖಾನೆಗಳ ಕಡೆಯಿಂದ ಬರುವ ಮೊದಲ ಆಕ್ಷೇಪ: ಗಾಡಿ ನಮ್ಮದಲ್ಲ, ಗುತ್ತಿಗೆದಾರನದು. ಗಾಡಿ ಗುತ್ತಿಗೆದಾರನದು ಹೌದು. ಆದರೆ ಅವನಿಗೆ ಮುಂಗಡ ಕೊಡುವವರು, ಒಪ್ಪಂದ ಬರೆಯುವವರು, ಯಾವ ಹೊಲಕ್ಕೆ ಎಂದು ಹೋಗಬೇಕೆಂದು ಹೇಳುವವರು, ಟನ್ನಿಗೆ ಇಷ್ಟೆಂದು ಎಣಿಸುವವರು ಕಾರ್ಖಾನೆಯವರು. ಕಬ್ಬಿನ ಎಫ್‌ಆರ್‌ಪಿ ದರ ಕಾರ್ಖಾನೆಯ ಗೇಟಿಗೆ ತಲುಪಿಸಿದ ಕಬ್ಬಿನ ದರ. ಹಾಗಾಗಿ ಕಟಾವು ಮತ್ತು ಸಾಗಣೆಯ ಖರ್ಚನ್ನು ರೈತನ ಬಿಲ್ಲಿನಿಂದ ಹಿಡಿದುಕೊಳ್ಳುವವರೂ ಅವರೇ. ಹಣ ಹಿಡಿಯುವಾಗ ಸಾಗಣೆ ತಮ್ಮದು, ಹೆಣ ಬಿದ್ದಾಗ ಗುತ್ತಿಗೆದಾರನದು ಎಂಬ ಲೆಕ್ಕ ಯಾವ ಕಾಟಾದಲ್ಲೂ ತೂಗುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಮೆದುವಾಗಿ ಬರುತ್ತದೆ: ಪಾಪ, ಬಡವರು, ಖರ್ಚು ಎಲ್ಲಿಂದ ತರಬೇಕು? ಎರಡು ಹಿಂದಿನ ದೀಪ, ನಾಲ್ಕಾರು ಮಾರು ತಂತಿ, ಒಂದು ಸುರುಳಿ ರೇಡಿಯಂ, ಒಂದು ಸರಿಯಾದ ಪಿನ್ನು ಇವೆಲ್ಲ ಸೇರಿ ಒಂದು ಟನ್ ಕಬ್ಬಿನ ಬೆಲೆಯ ಆಸುಪಾಸಿನಲ್ಲೇ ಮುಗಿಯುತ್ತವೆ. ಒಂದು ಟ್ರೇಲರ್ ಒಂದೇ ಖೇಪಿನಲ್ಲಿ ಅದರ ಎಂಟು ಹತ್ತು ಪಟ್ಟು ಹೊತ್ತು ತರುತ್ತದೆ. ಬಡವನ ಮೇಲೆ ಕನಿಕರ ಇರುವವರು ಇನ್ನೊಂದು ಸಂಗತಿಯನ್ನೂ ನೋಡಬೇಕು. ಆ ಟ್ರೇಲರಿಗೆ ಗುದ್ದಿ ಸಾಯುವವನೂ ಬಡವನೇ. ಪಾಳಿ ಮುಗಿಸಿ ಬರುವ ಕಾರ್ಮಿಕ, ಸಂತೆಯಿಂದ ಮರಳುವ ತರಕಾರಿಯವ, ಟ್ಯೂಷನ್ ಮುಗಿಸಿದ ಹುಡುಗ. ಬಹಳ ಸಲ ಅವನು ಅದೇ ಊರಿನ ಕಬ್ಬಿನ ರೈತನ ಮಗ. ಟ್ರೇಲರಿನ ಮೇಲೆ ಕಬ್ಬಿನ ಹೊರೆಯ ಮೇಲೇ ಕೂತು ಬರುವ ಕಟಾವಿನ ಗ್ಯಾಂಗಿನ ಹೆಂಗಸರು ಮಕ್ಕಳು ಪಿನ್ನು ಹಾರಿದ ದಿನ ಯಾವ ಸುದ್ದಿಯ ಕರ್ತೃವೂ ಅಲ್ಲ, ಕರ್ಮವೂ ಅಲ್ಲ.

ಮೂರನೆಯದು ಆಕ್ಷೇಪವಲ್ಲ, ಆಚರಣೆ. ಪ್ರತಿ ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸ ಬರುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಚಾಲಕರನ್ನು ಸಾಲಾಗಿ ಕೂರಿಸಿ, ಅಧಿಕಾರಿಗಳು ಜೀವ ಅಮೂಲ್ಯ ಎಂದು ಹೇಳಿ, ನಾಲ್ಕು ಟ್ರೇಲರ್‌ಗಳಿಗೆ ರೇಡಿಯಂ ಅಂಟಿಸಿ, ಫೋಟೊ ತೆಗೆಸಿಕೊಳ್ಳುತ್ತಾರೆ. ಅಂಟಿಸುವುದು ಒಳ್ಳೆಯದೇ. ಆದರೆ ನುರಿಸುವುದು ಶುರುವಾಗುವುದು ನವೆಂಬರಿನ ಹೊತ್ತಿಗೆ. ಜಾಗೃತಿ ಬರುವಷ್ಟರಲ್ಲಿ ಅರ್ಧ ಹಂಗಾಮು ಮುಗಿದಿರುತ್ತದೆ. ಧೂಳು ಕೆಸರು ಮೆತ್ತಿದ ತಗಡಿಗೆ ಅಂಟಿಸಿದ ಪಟ್ಟಿ ವಾರದೊಳಗೆ ಕಿತ್ತು ಬರುತ್ತದೆ. ಜಾಗೃತಿ ಎಂಬ ಪದದ ತೊಂದರೆಯೇ ಇದು. ಅದು ಕೇಳುವವನು ನಿದ್ದೆಯಲ್ಲಿದ್ದಾನೆ, ಹೇಳುವವನು ಎಚ್ಚರವಾಗಿದ್ದಾನೆ ಎಂದು ಮೊದಲೇ ತೀರ್ಮಾನಿಸಿಬಿಡುತ್ತದೆ. ದೀಪವಿಲ್ಲದ ಟ್ರೇಲರ್ ಅಪಾಯ ಎಂಬುದು ಆ ಚಾಲಕನಿಗೆ ಶಾಮಿಯಾನದವರಿಗಿಂತ ಚೆನ್ನಾಗಿ ಗೊತ್ತು. ರಾತ್ರಿಯೆಲ್ಲ ಆ ರಸ್ತೆಯಲ್ಲಿರುವವನು ಅವನು. ಅವನಿಗೆ ಬೇಕಾದದ್ದು ಬೋಧನೆಯಲ್ಲ. ಹತ್ತು ನಿಮಿಷ ನಿಂತರೆ ಖೇಪು ಕೈತಪ್ಪುವುದಿಲ್ಲ ಎಂಬ ಖಾತ್ರಿ. ಆ ಖಾತ್ರಿ ಕೊಡಬಲ್ಲದ್ದು ಕಾರ್ಖಾನೆ ಒಂದೇ, ಏಕೆಂದರೆ ಸರದಿ ಅದರ ಕೈಯಲ್ಲಿದೆ. ನಿಯಮ ಎಲ್ಲ ಟ್ರೇಲರ್‌ಗಳಿಗೂ ಒಂದೇ ಆದಾಗ ನಿಂತು ನೋಡಿದವನು ಹಿಂದೆ ಬೀಳುವುದಿ­ಲ್ಲ, ಎಲ್ಲರೂ ನಿಂತಿರುತ್ತಾರೆ.

ಒಂದು ಕಹಿ ಮಾತು ರೈತ ಸಂಘಟನೆಗಳಿಗೂ ಸಲ್ಲಬೇಕು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ರಸ್ತೆಗಿಳಿದಾಗ ರಾಜ್ಯವೇ ಆ ಕಡೆ ತಿರುಗಿ ನೋಡಿತು. ಸರ್ಕಾರ ಮಾತುಕತೆಗೆ ಬಂತು, 3,300ಕ್ಕೆ ಒಪ್ಪಂದವಾಯಿತು. ಆ ಹೋರಾಟ ನ್ಯಾಯದ್ದು. ರಸ್ತೆಯನ್ನು ತಡೆದು ದರ ಕೇಳುವ ಶಕ್ತಿ ಇರುವವರಿಗೆ ಅದೇ ರಸ್ತೆಯ ಮೇಲೆ ದೀಪ ಕೇಳುವ ಶಕ್ತಿಯೂ ಇದೆ. ಸಾಗಣೆಯ ಹಣ ರೈತನ ಬಿಲ್ಲಿನಿಂದ ಹೋಗುತ್ತದೆ ಎಂದರೆ ಆ ಸಾಗಣೆ ಹೇಗಿರಬೇಕು ಎಂದು ಕೇಳುವ ಹಕ್ಕು ರೈತನದು. ಬೇಡಿಕೆಯ ಪಟ್ಟಿಯಲ್ಲಿ ತೂಕದ ಪಾರದರ್ಶಕತೆ ಇದೆ, ಬಾಕಿ ಪಾವತಿ ಇದೆ. ಟ್ರೇಲರಿನ ಹಿಂದಿನ ದೀಪಕ್ಕೆ ಅಲ್ಲಿ ಒಂದು ಸಾಲು ಯಾಕಿರಬಾರದು?

ದೂರದ ಊರುಗಳಲ್ಲಿ ಕೂತು ಓದುವವರಿಗೆ ಇದು ಬೆಳಗಾವಿ–ಬಾಗಲಕೋಟೆಯ ಜಗಳ ಅನಿಸಬಹುದು. ಹಾಗಿಲ್ಲ. ಸಾಂಗ್ಲಿ, ಸೊಲ್ಲಾಪುರದ ರಸ್ತೆಗಳಲ್ಲಿ ಇವೇ ಟ್ರೇಲರ್‌ಗಳು. ದಿಲ್ಲಿಯಿಂದ ಮೀರತ್, ಮುಜಫ್ಫರ್‌ನಗರದ ಕಡೆ ಹೋದರೆ ಕಬ್ಬಿನ ಟ್ರಾಲಿಯ ಜೊತೆಗೆ ಡಿಸೆಂಬರಿನ ಮಂಜೂ ಸೇರುತ್ತದೆ. ಅಲ್ಲಿ ಕತ್ತಲಾಗಲು ರಾತ್ರಿಯೇ ಬೇಕಿಲ್ಲ. ಮಹಾರಾಷ್ಟ್ರದ ಸಕ್ಕರೆ ಆಯುಕ್ತರ ಕಚೇರಿ ಇರುವುದು ಪುಣೆಯ ಶಿವಾಜಿನಗರದಲ್ಲಿ, ಎಷ್ಟೋ ಕನ್ನಡಿಗರು ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲಿ. ಕಾರ್ಖಾನೆಗಳು ಪ್ರತಿ ಹಂಗಾಮಿಗೂ ನುರಿಸಲು ಅಲ್ಲಿಂದ ಪರವಾನಗಿ ಪಡೆಯಬೇಕು. ಆ ಪರವಾನಗಿಗೆ ಒಂದು ಷರತ್ತು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಹೊಸ ಇಲಾಖೆ ಬೇಕಿಲ್ಲ. ಕರ್ನಾಟಕದಲ್ಲೂ ಹಂಗಾಮಿನ ಮೊದಲು ಜಿಲ್ಲಾಧಿಕಾರಿಗಳು ಕಾರ್ಖಾನೆಗಳ ಸಭೆ ಕರೆಯುತ್ತಾರೆ. ದರ, ಬಾಕಿ, ತೂಕದ ಮಾತು ಮುಗಿದ ಮೇಲೆ ಕಾಟಾದ ಎರಡನೆಯ ತೂಕದ ಮಾತು ಐದು ನಿಮಿಷ ಆಡಿದರೆ ಸಾಕು.

ಮುಂದಿನ ಹಂಗಾಮಿಗೆ ಮೊದಲು ಎಲ್ಲ ಟ್ರೇಲರ್‌ಗಳಿಗೂ ಬ್ರೇಕು ಬರುವುದಿಲ್ಲ, ರಸ್ತೆಗಳು ಅಗಲವಾಗುವುದಿಲ್ಲ. ಆದರೆ ಒಬ್ಬ ಮನುಷ್ಯ ಕಾಟಾದ ಬಳಿ ಖಾಲಿ ಟ್ರೇಲರಿನ ಹಿಂದೆ ಇಪ್ಪತ್ತು ಹೆಜ್ಜೆ ನಡೆದು, ತಿರುಗಿ ನೋಡಿ, ಚೀಟಿಗೆ ಸಹಿ ಹಾಕುವಷ್ಟನ್ನು ಯಾವ ಕಾರ್ಖಾನೆಯೂ ನಾಳೆಯೇ ಮಾಡಬಹುದು. ಮಾಡದಿದ್ದರೆ, ಬರುವ ಜನವರಿಯಲ್ಲೂ ಆ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಅದನ್ನು ಅನುವಾದಿಸಿಕೊಂಡೇ ಓದಬೇಕು: ಬೈಕು ಡಿಕ್ಕಿ ಹೊಡೆಯಲಿಲ್ಲ. ದೀಪವಿಲ್ಲದ ಟ್ರೇಲರನ್ನು ಕಾರ್ಖಾನೆ ರಸ್ತೆಗೆ ಬಿಟ್ಟಿತು, ಅದು ಒಬ್ಬನನ್ನು ಕೊಂದಿತು.